ಹೊಳೆ ದಾಟಿದ ಶ್ರುತಿ

ನಾನು ತಂಬೂರಿ. ಬರೀ ತಂಬೂರಿ ಅಂದರೆ ನನಗೆ ಅವಮಾನ. ಮಿರಜದಿಂದ ಮೈಸೂರಿನವರೆಗೆ ಹುಟ್ಟಿದ ತಂಬೂರಿಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿ, ನನ್ನೊಂದನ್ನೇ ಇನ್ನೊಂದಕ್ಕೆ ಹಾಕಿದರೆ, ಅವುಗಳ ತಕ್ಕಡಿ ಹಾರಿ ಸೂರಿಗೆ ಬಡಿಯುತ್ತದೆ. ಇದನ್ನು ಬೇರೆಯವರು ಹೇಳಬೇಕಿತ್ತು. ಯಾರೂ ಹೇಳದ್ದರಿಂದ ನಾನೇ ಹೇಳಬೇಕಾಗಿ ಬಂದಿದೆ. ಈಗ ನನ್ನ ಮೈಮೇಲೆ ಒಂದು ತಂತಿಯೂ ಇಲ್ಲ. ಬುರುಡೆಯಲ್ಲಿ ಜೇಡ ಸಂಸಾರ ಹೂಡಿದೆ. ಆದರೂ ನನ್ನ ದನಿ ಒಬ್ಬ ದೊರೆಯನ್ನು ಸಿಂಹಾಸನದಿಂದ ಕೆಡವಿತ್ತು, ಕೃಷ್ಣಾ ಹೊಳೆಯನ್ನು ದಿನವೂ ದಾಟುತ್ತಿತ್ತು. ಕುಳಿತು ಕೇಳಿ.

ನಾನು ಹುಟ್ಟಿದ್ದು ಪಂಢರಪುರದ ಆಚೆ, ಭೀಮಾ ನದಿಯ ಮರಳು ದಿಬ್ಬದ ಮೇಲೆ. ಒಂದು ಸೋರೆಬಳ್ಳಿ, ಎರಡು ಕಾಯಿ. ಮೊದಲು ನಾನು, ಆಮೇಲೆ ನನ್ನ ತಂಗಿ. ನಾನು ಎಷ್ಟು ದಪ್ಪ ಬೆಳೆದೆನೆಂದರೆ ನನ್ನ ನೆರಳಿನಲ್ಲಿ ಒಂದು ಜೋಡಿ ಎತ್ತು ಮಲಗುತ್ತಿದ್ದವು. ಮಲಗುತ್ತಿದ್ದದ್ದು ಒಂದು ನಾಯಿಮರಿ ಎಂಬುದು ತಂಗಿಯ ಮಾತು. ಅವಳ ಸ್ವಭಾವವೇ ಅಷ್ಟು. ನಾನು ಕಟ್ಟುವುದು, ಅವಳು ಕೆಡವುವುದು. ಒಂದೇ ಬಳ್ಳಿಯಲ್ಲಿ ಇಷ್ಟು ವ್ಯತ್ಯಾಸ ಹೇಗೆ ಬಂತೋ ತಿಳಿಯದು.

ಮಿರಜದ ಇಮಾಮಸಾಬ ಎಂಬ ಮಿಸ್ತ್ರಿ ನಮ್ಮಿಬ್ಬರನ್ನೂ ಕೊಂಡೊಯ್ದ. ಒಣಗಿಸಿದ, ಕೊಯ್ದ, ತಿರುಳು ಬೀಜ ಕೆತ್ತಿ ತೆಗೆದ, ಮರದ ದಂಡಿ ಕೂಡಿಸಿದ, ನಾಲ್ಕು ಬಿರಡೆ ಸಿಕ್ಕಿಸಿ ನಾಲ್ಕು ತಂತಿ ಎಳೆದ. ತಂತಿಗಳು ಒರಗುವ ಎಲುಬಿನ ಪಟ್ಟಿಗೆ ನಮ್ಮಲ್ಲಿ ಕುದುರೆ ಅನ್ನುತ್ತಾರೆ. ಆ ಕುದುರೆಯನ್ನು ಉಜ್ಜಿ ಉಜ್ಜಿ ಹದ ಮಾಡಿ, ತಂತಿಯ ಅಡಿಗೆ ಒಂದು ನೂಲೆಳೆ ತೂರಿಸಿದ. ಆಗ ನಾನು ಮೊದಲ ಸಲ ಬಾಯಿ ತೆರೆದೆ. ಮಿರಜದ ಜನ ರೈಲು ಬಂತೆಂದು ಗಂಟುಮೂಟೆ ಎತ್ತಿಕೊಂಡು ಸ್ಟೇಷನ್ನಿಗೆ ಓಡಿದರು.

ನಮ್ಮನ್ನು ಜೋಡಿ ತಂಬೂರಿ ಎಂದೇ ಮಾಡಿದ್ದು. ಹಾಡುವವರ ಎಡಕ್ಕೊಂದು ಬಲಕ್ಕೊಂದು ಕೂರಬೇಕು, ಎರಡೂ ಒಂದೇ ಶ್ರುತಿಯಲ್ಲಿ ನಿಲ್ಲಬೇಕು. ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಡುವವರಿಗೆ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ನಡೆದಂತಾಗುತ್ತದೆ.

ನಮ್ಮನ್ನು ಕೊಳ್ಳಲು ಬಂದವಳು ತುಳಜವ್ವ, ಕಂಚಿಹಾಳ ಸಂಸ್ಥಾನದ ಅರಮನೆಯಲ್ಲಿ ಹಾಡುವವಳು. ಗಂಡ ಸತ್ತು ಬಹಳ ದಿನವಾಗಿರಲಿಲ್ಲ. ಸೊಂಟದ ಮೇಲೆ ಒಂದು ಕೂಸು.

"ಒಂದ ಕೊಡ್ತೀಯೇನಪಾ? ಎರಡು ನನಗ ಭಾರ ಆಗ್ತಾವ" ಎಂದಳು.

"ಅಗಲಿಸಿದ್ರ ಎರಡೂ ಅಳ್ತಾವ್ರಿ ಬಾಯಾರ" ಎಂದ ಇಮಾಮಸಾಬ.

"ಹಂಗಾದ್ರ ಎರಡೂ ಕಟ್ಟು. ಮನ್ಯಾಗ ಅಳಾಕ ನಾ ಒಬ್ಬಾಕಿ ಸಾಕು."

ಹೀಗೆ ಕಂಚಿಹಾಳಕ್ಕೆ ಬಂದೆವು. ಕಂಚಿಹಾಳ ಸಂಸ್ಥಾನವೆಂದರೆ ಭೂಮಂಡಲದ ಅರ್ಧ. ಬೆಳಿಗ್ಗೆ ಎಮ್ಮೆ ಬಿಟ್ಟರೆ ಮಧ್ಯಾಹ್ನಕ್ಕೆ ಅದು ಬ್ರಿಟಿಷರ ಹೊಲ ಮೇಯುತ್ತಿತ್ತು, ಅಷ್ಟೇ ಸಂಸ್ಥಾನ ಎಂಬುದು ತಂಗಿಯ ಲೆಕ್ಕ. ಇರಲಿ. ದೊರೆಗೆ ಒಂದು ತೋಪು, ಒಂದು ಆನೆ, ಒಂದು ಜೇಲು ಇದ್ದವು. ತೋಪಿಗೆ ತುಕ್ಕು ಹಿಡಿದಿತ್ತು, ಆನೆ ಸತ್ತಿತ್ತು, ಜೇಲು ಮಾತ್ರ ಯಾವಾಗಲೂ ತುಂಬಿರುತ್ತಿತ್ತು.

ಸೊಂಟದ ಮೇಲಿದ್ದ ಕೂಸು ಪರಸಪ್ಪ. ಅವನು ಬೆಳೆದದ್ದು ನಮ್ಮಿಬ್ಬರ ನಡುವೆ. ಮನುಷ್ಯರನ್ನು ನಾನು ನೋಡುವುದು ಕೆಳಗಿನಿಂದ. ನನಗೆ ಗೊತ್ತಿರುವುದು ಅವರ ಗದ್ದ, ಗಂಟಲು, ಬೆರಳು. ಪರಸಪ್ಪನ ಗಂಟಲಿನಂಥ ಗಂಟಲನ್ನು ನಾನು ಮತ್ತೆ ನೋಡಲಿಲ್ಲ. ತುಳಜವ್ವನ ದನಿ ಹೆಂಗಸರಿಗೆ ಕೊಂಚ ತಗ್ಗಿದ್ದು, ಮಗನದು ಗಂಡಸರಿಗೆ ಕೊಂಚ ಎತ್ತರದ್ದು. ಹಾರ್ಮೋನಿಯಂ ಪೇಟಿಯ ಎರಡನೆಯ ಕರಿ ಮನೆ, ಕರಿ ಎರಡು ಎಂದು ಕರೆಯುವ ಶ್ರುತಿಯಲ್ಲಿ ತಾಯಿ ಮಗ ಇಬ್ಬರೂ ಬಂದು ಕೂಡುತ್ತಿದ್ದರು. ದಿನವೂ ದೀಪ ಹಚ್ಚುವ ಹೊತ್ತಿಗೆ ಅವಳು ತಂಗಿಯನ್ನು ತೊಡೆಗೆ ಒರಗಿಸಿಕೊಳ್ಳುತ್ತಿದ್ದಳು, ಅವನು ನನ್ನನ್ನು. ಕಣ್ಣು ಮುಚ್ಚಿ ಕೇಳಿದರೆ ಯಾವುದು ತಾಯಿ, ಯಾವುದು ಮಗ, ಯಾವುದು ನಾನು ಎಂದು ದೇವರಿಗೂ ತಿಳಿಯುತ್ತಿರಲಿಲ್ಲ. ಇದಕ್ಕೆ ಮಾತ್ರ ತಂಗಿ ಎಂದೂ ಎದುರಾಡಿಲ್ಲ.

ಪರಸಪ್ಪ ಪ್ರಾಯಕ್ಕೆ ಬಂದು ತಾಯಿಯ ಜಾಗದಲ್ಲಿ ಅರಮನೆಯ ಹಾಡುಗಾರನಾದ. ಆ ವರ್ಷ ದೊರೆ ಮಗ್ಗಗಳ ಮೇಲೆ ಹೊಸ ತೆರಿಗೆ ಹೇರಿದ. ಕೊಡುವುದಿಲ್ಲ ಎಂದ ನೇಕಾರರನ್ನು ಹೆಡೆಮುರಿ ಕಟ್ಟಿ ಜೇಲಿಗೆ ತುಂಬಿದ. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ನಿಂತಿತು. ಅದೇ ವಾರ ದೊರೆಯ ಹುಟ್ಟುಹಬ್ಬ. ದರ್ಬಾರಿನಲ್ಲಿ ಪರಸಪ್ಪ ಹಾಡಬೇಕು.

ಆ ದಿನದ ಕಥಾನಾಯಕ ನಾನೇ. ಪರಸಪ್ಪ ಕುಳಿತ, ನನ್ನನ್ನು ಎತ್ತಿಕೊಂಡ, ಬಿರಡೆ ತಿರುವಿದ. ಮಿಡಿದ, ಕಿವಿಗೊಟ್ಟ, ಮತ್ತೆ ತಿರುವಿದ. ಜನ ಕಾದರು. ಅವನು ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ನಾನಂತೂ ಮನೆಯಿಂದ ಹೊರಡುವಾಗಲೇ ಶ್ರುತಿಯಲ್ಲಿದ್ದೆ! ಇವನಿಗೇನಾಗಿದೆ ಎಂದುಕೊಂಡೆ. ಅತ್ತರಿನ ವಾಸನೆ ಇಳಿಯಿತು, ಹೂವು ಬಾಡಿದವು, ದಿವಾನರಿಗೆ ತೂಕಡಿಕೆ ಬಂತು. ಇವನು ಶ್ರುತಿ ಮಾಡುತ್ತಲೇ ಇದ್ದ.

ದೊರೆ ಕೊನೆಗೆ ಕೇಳಿದ: "ಏನೋ ಪರಸಪ್ಪ, ಇನ್ನೆಷ್ಟೊತ್ತು?"

"ಶ್ರುತಿ ಕೂಡವಲ್ದು ಸರಕಾರ."

"ಯಾವಾಗ ಕೂಡತೈತಿ?"

"ಜೇಲಿನಾಗಿರೋ ನೇಕಾರರು ಮನಿಗೆ ಹ್ವಾದ್ರ ಕೂಡತೈತ್ರಿ."

ದರ್ಬಾರಿನಲ್ಲಿ ಒಂದು ನೊಣ ಹಾರಿದ್ದು ಸಿಡಿಲಿನಂತೆ ಕೇಳಿಸಿತು. ಮೂಲೆಯಲ್ಲಿ ಯಾರೋ ಒಬ್ಬರು ಕಿಸಕ್ಕೆಂದು ನಕ್ಕರು. ದೊರೆಗೆ ಆ ಮಾತಿಗಿಂತ ಆ ನಗುವೇ ಹೆಚ್ಚು ಚುಚ್ಚಿತು.

ಮರುದಿನ ಊರಲ್ಲಿ ಡಂಗುರ ಸಾರಿದರು. ಪರಸಪ್ಪನಿಗೆ ಗಡೀಪಾರು. ಅವನು ಇನ್ನು ಹೊಳೆ ದಾಟಿ ಈಚೆ ಬರಕೂಡದು. ಅವನ ತಾಯಿ ಹೊಳೆ ದಾಟಿ ಆಚೆ ಹೋಗಕೂಡದು. ಆಚೆ ದಂಡೆಯಲ್ಲಿ ಕುಳಿತು ಮಗ ದೊರೆಯ ಮೇಲೆ ನಾಲಿಗೆ ಹರಿಬಿಟ್ಟರೆ, ಈಚೆ ತಾಯಿ ಜೇಲಿಗೆ. ದೊರೆ ಕತ್ತಿ ಇಲ್ಲದೆ ಇಬ್ಬರನ್ನೂ ಕಡಿದು ಹಾಕಿದ್ದ.

ಹೊರಡುವ ದಿನ ತುಳಜವ್ವ ಗೋಡೆಯಿಂದ ನನ್ನನ್ನು ಇಳಿಸಿ ಮಗನ ಕೈಗಿಟ್ಟಳು.

"ಜೋಡಿ ಒಡೀಬ್ಯಾಡಬೇ" ಎಂದ ಅವನು.

"ಒಡದಾಕಿ ನಾನಲ್ಲೋ. ತೊಗೊ. ದೀಪ ಹಚ್ಚೂ ಹೊತ್ತಿಗೆ ಆ ದಂಡ್ಯಾಗ ಕುಂತು ನೀ ಮಿಡಿ, ಈ ಮನ್ಯಾಗ ಕುಂತು ನಾ ಮಿಡೀತೀನಿ. ಒಂದ ಮಾತು ನೆಪ್ಪಿಡು ಪರಸ್ಯಾ. ಶ್ರುತಿ ಇಳಸಬ್ಯಾಡ. ನೀ ಬಂದ ದಿನ, ನೀರು ಸೈತ ಕುಡೀದ, ಇಲ್ಲೇ ಕುಂತು ಇಬ್ರೂ ಹಾಡೂಣು."

"ಇಳಸೂದಿಲ್ಲಬೇ."

ಅಳುವವರು ಯಾರೆಂದು ನಾನು ಕಾದೆ. ತಾಯಿ ಮಗ ಇಬ್ಬರೂ ಅಳಲಿಲ್ಲ. ಅಂದು ಅತ್ತದ್ದು ಓಣಿಯ ನೇಕಾರರ ಹೆಂಗಸರು ಮಾತ್ರ.

ಹೊಳೆ ದಾಟಿಸಿದವನು ಆಚೆ ದಂಡೆಯ ಅಂಬಿಗರ ಯಮನೂರ, ದಿನವೂ ಎರಡೂ ದಂಡೆಗೆ ಹೋಗಿಬರುವವನು. ಅವನದು ಚರ್ಮ ಹೊದಿಸಿದ ದುಂಡನೆಯ ಹರಗೋಲು. ಪರಸಪ್ಪನ ವಾರಿಗೆಯವನೇ; ಸಣ್ಣವರಿದ್ದಾಗ ಇಬ್ಬರೂ ಕೂಡಿ ಸೌತೆಕಾಯಿ ಕದ್ದವರು. ನಾನು ಏಳು ಸಮುದ್ರ ದಾಟಿದೆ ಎಂದು ಹೇಳುವುದು ಈ ಪಯಣದ ಬಗ್ಗೆಯೇ. ಏಳು ಸಮುದ್ರಕ್ಕೂ ಕೃಷ್ಣೆಗೂ ನೀರಿನಲ್ಲಿ ವ್ಯತ್ಯಾಸವಿರಬಹುದು, ದೂರದಲ್ಲಿ ಇರಲಿಲ್ಲ. ಹರಗೋಲು ಸುತ್ತುತ್ತ ಸುತ್ತುತ್ತ ಸಾಗಿತು. ಒಮ್ಮೆ ಕಂಚಿಹಾಳ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ.

ಆಚೆ ದಂಡೆಯ ಊರು ಸಂಗಾಪುರ, ಬ್ರಿಟಿಷರದು. ಅಲ್ಲಿ ಹಣಮಪ್ಪನ ಗುಡಿಯ ಪಡಸಾಲೆಯೇ ನಮ್ಮ ಅರಮನೆ. ಬೆಳಿಗ್ಗೆ ಪರಸಪ್ಪ ಭಜನೆ ಮೇಳದವರಿಗೆ ಪಾಠ ಹೇಳುತ್ತಿದ್ದ. ಯಾರದೋ ಮದುವೆಯಲ್ಲಿ ಹಾಡುತ್ತಿದ್ದ. ಊರವರು ಜೋಳ ಕೊಡುತ್ತಿದ್ದರು. ಸಂಜೆಯಾದರೆ ನನ್ನನ್ನು ಹೆಗಲಿಗೇರಿಸಿ ದಂಡೆಗೆ ಬರುತ್ತಿದ್ದ. ಎದುರಿಗೆ, ನೀರಿನಾಚೆ, ಕಂಚಿಹಾಳ ಒಂದು ಅಂಗೈಯಷ್ಟು ಕಾಣುತ್ತಿತ್ತು. ದೀಪಗಳು ಹತ್ತುತ್ತಿದ್ದವು. ಅವುಗಳಲ್ಲಿ ಒಂದನ್ನು ತೋರಿಸಿ ಅವನು, "ಅದ ನೋಡು ನಮ್ಮ ಮನಿ" ಎನ್ನುತ್ತಿದ್ದ. ದಿನಕ್ಕೊಂದು ದೀಪ ತೋರಿಸುತ್ತಿದ್ದ.

ಮೊದಲ ಸಂಜೆ ಹಾಡಿದ ಮರುದಿನ, ಯಮನೂರನ ಹರಗೋಲು ದಂಡೆಗೆ ತಾಗುವ ಮೊದಲೇ ಪರಸಪ್ಪ ಮೊಣಕಾಲುದ್ದ ನೀರಿಗೆ ಇಳಿದಿದ್ದ.

"ಅವ್ವಗ ಕೇಳಿಸ್ತೇನೋ ಯಮನೂರಾ?"

ಯಮನೂರ ಅವನ ಮುಖ ನೋಡಿದ. ಆಮೇಲೆ ನೀರು ನೋಡಿದ.

"ಕೇಳಿಸ್ತಂತ."

"ಏನಂದ್ಳು?"

"ಏನಂತಾಳ... ಛಲೋ ಆತಂದ್ಳು."

ಅಂಬಿಗರು ಮಾತಾಡುವಾಗ ನೀರು ನೋಡುವುದು ರೂಢಿ, ಅದರಲ್ಲಿ ವಿಶೇಷವೇನಿಲ್ಲ. ನನಗಂತೂ ಆ ಸುದ್ದಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ಮಿರಜದಲ್ಲಿ ರೈಲಿನಂತೆ ಕೂಗಿದ ನನಗೆ ಒಂದು ಹೊಳೆ ಯಾವ ಲೆಕ್ಕ? ನೀರಿನ ಮೇಲೆ ಕಾಲಿಡುತ್ತ, ಒಂದು ಮೀನಿಗೂ ತಾಗದೆ, ನೇರ ತುಳಜವ್ವನ ಕಿವಿಗೆ ಹೋಗಿ ನಿಲ್ಲುತ್ತಿದ್ದೆ.

ಅಂದಿನಿಂದ ಅದೊಂದು ಪರಿಪಾಠವಾಯಿತು. ಬೆಳಿಗ್ಗೆ ಪರಸಪ್ಪ ಕೇಳುವುದು, ಯಮನೂರ ನೀರು ನೋಡುವುದು, ಕೇಳಿಸ್ತಂತ ಎನ್ನುವುದು. ಆದರೆ ದಿನವೂ ಒಂದೇ ಮಾತು ಹೇಳಿದರೆ ಯಾರಿಗೂ ನಂಬಿಕೆ ಬಾರದು. ಯಮನೂರನಿಗೂ ಹಾಗೆ ಅನ್ನಿಸಿರಬೇಕು. ಒಂದು ದಿನ ತನ್ನ ಕಡೆಯಿಂದ ಸ್ವಲ್ಪ ಉಪ್ಪು ಖಾರ ಸೇರಿಸಿದ.

"ಗಾಳಿ ಎದುರಿಂದ ಬೀಸಿದ ದಿನ ಸಣ್ಣಗ ಕೇಳತೈತಂತ ನೋಡು. ಉಳಿದ ದಿನ ಛಲೋ ಐತಂತ."

ಹೇಳಬಾರದ ಮಾತು ಅದೊಂದೇ. ಆ ಸಂಜೆಯಿಂದ ಪರಸಪ್ಪ ಹಾಡುವುದನ್ನು ಬಿಟ್ಟು ಕೂಗುವುದನ್ನು ಹಿಡಿದ. ಗಾಳಿಗೆ ಎದುರಾಗಿ, ಚಳಿಗಾಲದ ಮಂಜಿಗೆ ಎದುರಾಗಿ, ಮಳೆಗಾಲದಲ್ಲಿ ಹೊಳೆ ಕಡಲಿನಂತೆ ಮೊರೆಯುವಾಗ ಆ ಮೊರೆತಕ್ಕೂ ಎದುರಾಗಿ. ಕತ್ತಿನ ನರಗಳು ಹಗ್ಗದಂತೆ ಉಬ್ಬುವುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ನಾನೂ ಹಿಂದೆ ಬೀಳಲಿಲ್ಲ. ಹುಚ್ಚೆದ್ದು ಮೊಳಗಿದೆ. ಸಂಗಾಪುರದ ಎಮ್ಮೆಗಳು ಕಣ್ಣಿ ಕಿತ್ತುಕೊಂಡು ಓಡಿದವು.

ಒಂದು ಬೇಸಿಗೆ ನಾಟಕ ಕಂಪನಿಯ ಮಾಲೀಕ ಗುರುಶಾಂತಪ್ಪ ಮೋಟಾರಿನಲ್ಲಿ ದಂಡೆಗೇ ಬಂದ. ಜರತಾರಿ ರುಮಾಲು, ಬಾಯಿ ತುಂಬ ಎಲೆಯಡಿಕೆ. ಪರಸಪ್ಪನ ಹಾಡು ಮುಗಿಯುವವರೆಗೆ ಕಲ್ಲಿನ ಮೇಲೆ ಕುಳಿತಿದ್ದು, ಎದ್ದು ಬಂದು ಅವನ ಎರಡೂ ಕೈ ಹಿಡಿದ.

"ಹುಬ್ಬಳ್ಳ್ಯಾಗ ಗ್ವಾಡಿ ಗ್ವಾಡಿಗೆ ನಿನ್ನ ಚಿತ್ರ ಹಚ್ಚತೀನಿ. ಪುಣೇಕ ಹೋಗೂಣು, ಮುಂಬೈಕ್ಕ ಹೋಗೂಣು. ಇಲ್ಲಿ ಯಾರದಾರೋ ನಿನ್ನ ಕೇಳಾಕ? ಮೊಸಳೀಗೋಳು?"

"ಅವ್ವ ಅದಾಳ್ರಿ."

"ಎಲ್ಲಿ?"

ಪರಸಪ್ಪ ಆಚೆ ದಂಡೆಯ ಒಂದು ದೀಪ ತೋರಿಸಿದ. ಗುರುಶಾಂತಪ್ಪ ಆ ದೀಪ ನೋಡಿದ, ನಡುವಿನ ನೀರು ನೋಡಿದ, ಕೊನೆಗೆ ಪರಸಪ್ಪನ ಮುಖ ನೋಡಿದ.

"ತಮ್ಮಾ, ಇಲ್ಲಿಂದ ಅಲ್ಲಿಗೆ ತೋಪು ಹಾರಿಸಿದ್ರೂ ಕೇಳಂಗಿಲ್ಲೋ."

"ಕೇಳತೈತ್ರಿ. ಬೇಕಾದ್ರ ಯಮನೂರನ ಕೇಳ್ರಿ."

ಹರಗೋಲನ್ನು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ ಯಮನೂರ ತಲೆಯೆತ್ತಿದ. ಬಾಯಿ ತೆರೆದ. ಪರಸಪ್ಪ ಅವನನ್ನೇ ನೋಡುತ್ತಿದ್ದ. ಯಮನೂರ ಬಾಯಿ ಮುಚ್ಚಿ, "ಹೂಂ" ಎಂದು ಮತ್ತೆ ಡಾಂಬರು ಬಳಿದ. ಮೋಟಾರು ಧೂಳೆಬ್ಬಿಸಿಕೊಂಡು ಹೋಯಿತು. ತೋಪಿಗೂ ನನಗೂ ಹೋಲಿಕೆ ಮಾಡಿದ ಆ ಮನುಷ್ಯನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವನ ಕಂಪನಿ ಮುಂದೆ ದಿವಾಳಿಯಾಯಿತಂತೆ. ಆಗದೆ ಏನು?

ಅದಾದ ಮೇಲೆ ವರ್ಷಗಳು ಹೊಳೆಯಂತೆ ಹೋದವು. ನೂರು ವರ್ಷ ಎನ್ನುತ್ತೇನೆ ನಾನು. ಯಮನೂರನ ಲೆಕ್ಕದಲ್ಲಿ ಎಲ್ಲ ಸೇರಿ ಹದಿನಾರು. ಪರಸಪ್ಪನ ಗಂಟಲು ಮೊದಲು ಕರಕರ ಎಂದಿತು. ಆಮೇಲೆ ಮೇಲಿನ ಷಡ್ಜ ಮುಟ್ಟುವಾಗ ಒಡೆಯತೊಡಗಿತು. ಒಂದು ಬೆಳಿಗ್ಗೆ ಕೆಮ್ಮಿದಾಗ ಅಂಗೈಯಲ್ಲಿ ಕೆಂಪು ಕಂಡಿತು. ಸಂಗಾಪುರದ ವೈದ್ಯ ಜ್ಯೇಷ್ಠಮಧು ಅರೆದುಕೊಟ್ಟು, ಒಂದು ಮಳೆಗಾಲ ಪೂರ್ತಿ ಬಾಯಿ ಬಿಡಕೂಡದು ಎಂದ.

"ಬಾಯಿ ಬಿಡಲಿಲ್ಲಂದ್ರ ಅವ್ವ ನಾ ಸತ್ತೇನಿ ಅಂತ ತಿಳೀತಾಳ್ರಿ" ಎಂದ ಪರಸಪ್ಪ. ಆ ಸಂಜೆಯೂ ದಂಡೆಗೆ ಬಂದ.

ಎತ್ತರದಲ್ಲಿ ನಿಲ್ಲಲಾಗದವನು ಏನು ಮಾಡಬೇಕು? ಒಂದು ಮೆಟ್ಟಿಲು ಇಳಿದ. ಕರಿ ಎರಡರಿಂದ ಬಿಳಿ ಎರಡಕ್ಕೆ. ಮುಂದೆ ಕರಿ ಒಂದಕ್ಕೆ. ಕೊನೆಗೆ ಬಿಳಿ ಒಂದಕ್ಕೆ. ನನ್ನ ಸಪೂರ ತಂತಿಗಳು ಅಷ್ಟು ಸಡಿಲಕ್ಕೆ ದನಿಗೊಡಲಿಲ್ಲವೆಂದು ಅವುಗಳನ್ನು ತೆಗೆದು ದಪ್ಪ ತಂತಿ ಹಾಕಿದ. ನಾನು ಗಂಭೀರನಾದೆ. ಸಿಂಹವೂ ಪ್ರಾಯ ಹೋದ ಮೇಲೆ ಹೀಗೆಯೇ ಗರ್ಜಿಸುತ್ತದೆ.

ತಂತಿ ಬದಲಿಸಿದ ದಿನ ಪರಸಪ್ಪ ಯಮನೂರನಿಗೆ ಹೇಳಿದ: "ಅವ್ವಗ ಮಾತು ಕೊಟ್ಟಿದ್ದೆ, ಶ್ರುತಿ ಇಳಸೂದಿಲ್ಲಂತ. ಆದ್ರೂ ಆಕೀಗೆ ಗೊತ್ತಾಗೇ ಆಗಿರತೈತಿ ತೊಗೊ. ದಿನಾ ಕೇಳ್ತಾಳಲ್ಲ. ನಾ ಇಳದಾಂಗ ಆಕಿನೂ ತನ್ನ ತಂಬೂರಿ ಇಳಿಸಿರತಾಳ. ಹೌದಿಲ್ಲೋ?"

ಯಮನೂರ ಬಹಳ ಹೊತ್ತು ನೀರು ನೋಡಿದ.

"ಹೌದಪಾ. ಇಳಿಸಿರತಾಳ."

ದೇಶಕ್ಕೆ ಸ್ವಾತಂತ್ರ್ಯ ಬಂತು. ಕಂಚಿಹಾಳದವರೆಗೆ ಬರಲು ಅದಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಬಹುಶಃ ಹರಗೋಲು ಸಿಕ್ಕಿರಲಿಕ್ಕಿಲ್ಲ. ಒಂದು ದಿನ ದೊರೆ ಸಂಸ್ಥಾನವನ್ನು ಬರೆದುಕೊಟ್ಟು ಪುಣೆಗೆ ಹೊರಟುಹೋದ. ಹದಿನಾರು ವರ್ಷ ನಾನು ಎದುರು ದಂಡೆಯಿಂದ ಅವನ ಗುಂಡಿಗೆ ಅದುರಿಸಿದ್ದರ ಫಲ ಅದು. ಮಂದಿ ಬೇರೆ ಬೇರೆ ಕಾರಣ ಹೇಳುತ್ತಾರೆ, ಹೇಳಲಿ.

ಕಂಚಿಹಾಳದ ನೇಕಾರರು ಹಾರ ಹಿಡಿದು ಹೊಳೆ ದಾಟಿ ಬಂದರು. ಪರಸಪ್ಪ ಹಾರ ಹಾಕಿಸಿಕೊಂಡ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಬೇಕೆಂದು ಇಡೀ ಮಧ್ಯಾಹ್ನ ದಂಡೆಯಲ್ಲೇ ಕುಳಿತ. ಗಂಟಲಿಗೆ ಬಿಸಿನೀರು ಹುಯ್ದುಕೊಂಡ. ನನ್ನ ನೂಲೆಳೆ ಬದಲಿಸಿದ. ಹರಗೋಲಿನಲ್ಲಿ ಯಮನೂರನ ಹುಟ್ಟು ಹಾಕುವ ಕೈ ಎಂದಿಗಿಂತ ನಿಧಾನವಾಗಿತ್ತು. ದಂಡೆಗೆ ಇಳಿದ ಮೇಲೆ ನನ್ನನ್ನು ತಾನೇ ಹೆಗಲಿಗೆ ಹಾಕಿಕೊಂಡ.

ಓಣಿಗೆ ಬಂದೆವು. ಬಾಗಿಲು ಬಾಗಿಲಲ್ಲಿ ಹೆಂಗಸರು. "ಪರಸ್ಯಾ ಬಂದಾನವಾ! ಎಷ್ಟ ಬಿಳಿ ಆಗ್ಯಾವ ಕೂದಲಾ!" ಎಂದಳು ಒಬ್ಬ ಮುದುಕಿ.

ಮನೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ಒಳಗಿನಿಂದ ನನ್ನ ತಂಗಿಯ ದನಿ ಕೇಳಿಸಿತು. ಸಪೂರ, ತುಂಬಿದ, ಒಂದಿಷ್ಟೂ ಅಲುಗದ ದನಿ.

ಕರಿ ಎರಡು.

ಪರಸಪ್ಪ ಅಲ್ಲೇ ನಿಂತುಬಿಟ್ಟ. ಹಾಡುವವನಿಗೆ ಅಷ್ಟು ಸಾಕು, ಬೇರೆ ಯಾರೂ ಹೇಳಬೇಕಿರಲಿಲ್ಲ. ಅವ್ವ ಒಂದೇ ಒಂದು ಸಂಜೆ ಅವನ ಹಾಡು ಕೇಳಿದ್ದರೂ ಆ ತಂಬೂರಿ ಅವನೊಡನೆ ಇಳಿಯುತ್ತಿತ್ತು. ಅದು ಇಳಿದಿರಲಿಲ್ಲ. ಹೊರಟ ದಿನ ಬಿಟ್ಟು ಬಂದ ಎತ್ತರದಲ್ಲೇ ನಿಂತಿತ್ತು.

ಅವನು ಹಿಂದಿರುಗಿ ಯಮನೂರನ ಕಡೆ ನೋಡಿದ. ಓಣಿಯಲ್ಲಿ ನೋಡಲು ನೀರಿರಲಿಲ್ಲ. ಯಮನೂರ ನೆಲ ನೋಡಿದ.

ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಪರಸಪ್ಪ ಅವನ ಹೆಗಲಿನಿಂದ ನನ್ನನ್ನು ತೆಗೆದುಕೊಂಡು, "ಒಳಗ ಬಾ" ಎಂದನಷ್ಟೆ.

ತುಳಜವ್ವ ಗೋಡೆಗೆ ಒರಗಿ ಕುಳಿತಿದ್ದಳು. ಕಾಲು ಸೇದಿಹೋಗಿ ಕಟ್ಟಿಗೆಯಂತಾಗಿದ್ದವು. ಕಣ್ಣಿನಲ್ಲಿ ಹಾಲಿನಂಥ ಪೊರೆ. ತಂಗಿಯನ್ನು ಹಿಡಿದ ಬೆರಳುಗಳು ಮಾತ್ರ ನನಗೆ ಗುರುತು ಸಿಕ್ಕವು.

"ಯಾರು?"

"ನಾನಬೇ."

ಅವಳ ಬೆರಳು ಒಂದು ಗಳಿಗೆ ತಡೆಯಿತು. ಆ ಒಡಕು ದನಿಯನ್ನು ಅವಳು ಕಿವಿಯಲ್ಲಿಟ್ಟು ತೂಗುತ್ತಿರುವುದು ನನಗೆ ಕಂಡಿತು. ಆಮೇಲೆ ಕೈ ಚಾಚಿ ಅವನ ಮುಖ, ಗದ್ದ, ಗಂಟಲು ಸವರಿದಳು. ಗಂಟಲಿನ ಮೇಲೆ ಕೈ ಬಹಳ ಹೊತ್ತು ನಿಂತಿತು.

"ಹ್ಯಾಂಗಾಗೇತೋ ಇದು?"

"ದಿನಾ ದಂಡಿ ಮ್ಯಾಲ ಹಾಡತಿದ್ನಲ್ಲಬೇ. ನಿನಗ ಕೇಳಲಿ ಅಂತ ಸ್ವಲ್ಪ ಜೋರ."

ಬಾಗಿಲಲ್ಲಿ ನಿಂತ ಯಮನೂರ ಬಿಕ್ಕಿದ. ತುಳಜವ್ವ ಆ ಕಡೆ ತಲೆ ತಿರುವಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಕಿವಿಗೆ ಬಂದಿರಲಿಲ್ಲ.

"ಕೇಳತಿತ್ತು" ಎಂದಳು. "ದಿನಾ ಕೇಳತಿತ್ತು ನೋಡು. ಒಂದ ಸಂಜೀನೂ ತಪ್ಪಿಲ್ಲ."

"ಹೌದಲ್ಲಬೇ" ಎಂದ ಪರಸಪ್ಪ. "ಯಮನೂರ ಹೇಳತಿದ್ದ."

ದಿನವೂ ಕೇಳುತ್ತಿತ್ತೆಂಬ ಅವ್ವನ ಮಾತು ಸುಳ್ಳಾಗಬಾರದಲ್ಲ. ಅವನು ಅವಳೆದುರು ಕುಳಿತು, ನನ್ನನ್ನು ಮುಟ್ಟದೆ, ತಂಗಿಯ ಶ್ರುತಿಗೇ ಬಾಯಿ ತೆರೆದ. ಕರಿ ಎರಡಕ್ಕೆ. ಕೆಳಗಿನ ಷಡ್ಜ ಹೇಗೋ ಹಿಡಿದ. ಏರುತ್ತ ಹೋದಂತೆ ಕತ್ತಿನ ಹಗ್ಗಗಳು ಉಬ್ಬಿದವು. ಮೇಲಿನ ಷಡ್ಜದ ಹತ್ತಿರ ದನಿ ಗಾಜಿನಂತೆ ಒಡೆದು ಬಿತ್ತು. ಕೆಮ್ಮಿದ. ಮತ್ತೆ ಏರಿದ. ಮತ್ತೆ ಒಡೆಯಿತು.

ಮೂರನೆಯ ಸಲ ಅವನು ಉಸಿರೆಳೆದುಕೊಂಡಾಗ ತುಳಜವ್ವ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ಗಂಟಲಾ ಹರ್ಕೋಬ್ಯಾಡೋ. ತಡಿ. ನಾನ ಇಳದ ಬರ್ತೀನಿ."

ತಡವರಿಸಿ ಬಿರಡೆ ಹುಡುಕಿದಳು. ಅವು ಅಷ್ಟು ವರ್ಷ ಬಿಗಿದು ಬಿಗಿದು ಕಚ್ಚಿಕೊಂಡವು, ಹಿಂದಕ್ಕೆ ತಿರುಗಲೊಲ್ಲವು. ಎರಡೂ ಕೈಯಿಂದ ಹಿಡಿದು ಹಿಂಡಿದಳು. ಕಿರ್ರೆಂದು ಒಂದು ಬಿರಡೆ ಸಡಿಲಿತು. "ಇಲ್ಲೇನೋ?" ಎಂದಳು. ಇನ್ನಷ್ಟು ಇಳಿಸಿದಳು. "ಇಲ್ಲೇನು?" ಇನ್ನಷ್ಟು. ಕೊನೆಗೆ ಅವನು ನನ್ನನ್ನು ಮಿಡಿದ. ಅವಳು ನನ್ನ ದನಿ ಕೇಳಿ, ಮಗ ಎಷ್ಟು ಕೆಳಗೆ ಬಂದು ನಿಂತಿದ್ದಾನೆಂದು ತಿಳಿದು, ಒಂದು ಸಲ ಕಣ್ಣು ಮುಚ್ಚಿದಳು. ಆಮೇಲೆ ನಾಲ್ಕೂ ತಂತಿಗಳನ್ನು ಒಂದೊಂದಾಗಿ ನನ್ನ ಹತ್ತಿರಕ್ಕೆ ತಂದಳು.

ತಂಗಿಯವು ಸಪೂರ ತಂತಿಗಳು. ಅಷ್ಟು ಸಡಿಲಾದಾಗ ಅವಳ ದನಿ ಸತ್ತಿತ್ತು. ಮಿಡಿದರೆ ಹಸಿ ಹಗ್ಗ ಮಿಡಿದಂತೆ. ಆದರೂ ಕೂಡಿತು. ತಾಯಿ ಮಗ ಹಾಡಿದರು. ಅಂಥ ಕೆಟ್ಟ ಹಾಡನ್ನು ನನ್ನ ಜನ್ಮದಲ್ಲಿ ಕೇಳಿಲ್ಲ. ಕಂಚಿಹಾಳದಲ್ಲಿ ಅಂದು ಯಾರೂ ಒಲೆ ಹಚ್ಚಲಿಲ್ಲ.

ಮುಂದಿನ ಮಳೆಗಾಲಕ್ಕೆ ತುಳಜವ್ವ ಇರಲಿಲ್ಲ. ಪರಸಪ್ಪ ಆ ಮನೆಯಲ್ಲಿ ಇರಲಾರದೆ ಹೋದ. ಅಷ್ಟು ವರ್ಷ ದೂರದಿಂದ ನೋಡಿ ನೋಡಿ, ಒಳಗಿದ್ದು ನೋಡುವುದು ಅವನಿಗೆ ಮರೆತುಹೋಗಿತ್ತು. ನಮ್ಮಿಬ್ಬರನ್ನೂ ಎತ್ತಿಕೊಂಡು, ಯಾರೂ ಗಡೀಪಾರು ಮಾಡದೆ ತಾನಾಗಿಯೇ ಹೊಳೆ ದಾಟಿ, ಸಂಗಾಪುರದಲ್ಲಿ ಯಮನೂರನ ಮನೆಗೆ ಬಂದ. ಸಂಜೆಗೆ ಇಬ್ಬರೂ ದಂಡೆಯಲ್ಲಿ ಕೂರುತ್ತಿದ್ದರು. ಅವನು ಹಾಡಲಿಲ್ಲ, ಇವನು ಹಾಡು ಎನ್ನಲಿಲ್ಲ. ಒಮ್ಮೆ ಮಾತ್ರ ಯಮನೂರ ಕೇಳಿದ:

"ನನ್ನ ಮ್ಯಾಲ ಸಿಟ್ಟೇನಪಾ?"

"ನೀ ಹೇಳಿರಲಿಲ್ಲಂದ್ರ ನಾ ಯಾವತ್ತೋ ಸತ್ತಿರತಿದ್ದೆ" ಎಂದ ಪರಸಪ್ಪ. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲಾ ಹುಬ್ಬಳ್ಳ್ಯಾಗ ಇರತಿದ್ದೆ" ಎಂದು ಸೇರಿಸಿದ. ಇಬ್ಬರೂ ನಕ್ಕರು. ಆ ನಗು ನನಗೆ ಸೇರಲಿಲ್ಲ.

ಈಗ ಇಬ್ಬರೂ ಇಲ್ಲ. ನಾವಿಬ್ಬರು ಯಮನೂರನ ಮನೆಯ ಹಿಂಗೋಡೆಯಲ್ಲಿ ಒಂದೇ ಗೂಟಕ್ಕೆ ನೇತುಬಿದ್ದಿದ್ದೇವೆ. ಅವನ ಮೊಮ್ಮಗನ ಹೆಂಡತಿ ನನ್ನ ದಂಡಿಗೆ ಈರುಳ್ಳಿ ಗೊಂಚಲು ಕಟ್ಟುತ್ತಾಳೆ. ಹರಗೋಲು ಹಿತ್ತಲಲ್ಲಿ ಗೆದ್ದಲು ತಿಂದು ಮಣ್ಣಾಯಿತು. ಹೊಳೆಗೆ ಸೇತುವೆ ಬಂದಿದೆ. ಕಂಚಿಹಾಳಕ್ಕೆ ಹೋಗಲು ಒಂದು ಬೀಡಿ ಸೇದುವಷ್ಟೂ ಹೊತ್ತು ಬೇಡ. ಮಂದಿ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಾರೆ, ಮರೆತ ಕೊಡೆಗಾಗಿ ಮತ್ತೆ ಹಿಂದಿರುಗುತ್ತಾರೆ. ಸೇತುವೆಯ ಮೇಲೆ ಬಸ್ಸು ಹಾಯುವಾಗ ನನ್ನ ಬುರುಡೆ ಗುಂಯ್ ಎನ್ನುತ್ತದೆ. ಇಡೀ ಊರು ಬೆಚ್ಚಿ ಬೀಳುತ್ತದೆ ಎಂದೇ ನನ್ನ ಎಣಿಕೆ.

ಒಮ್ಮೆ, ಇನ್ನೂ ಅವಳು ಮಾತಾಡುತ್ತಿದ್ದಾಗ, ತಂಗಿಯನ್ನು ಕೇಳಿದ್ದೆ: ಅಷ್ಟು ವರ್ಷದಲ್ಲಿ ಒಂದು ಸಲವಾದರೂ ನನ್ನ ದನಿ ಕೇಳಿಸಿತೇ? ಗಾಳಿ ನಿಂತ ಒಂದು ಸಂಜೆಯಾದರೂ? "ಹೊಳೆಯ ಸದ್ದು ಕೇಳುತ್ತಿತ್ತು ಅಣ್ಣ" ಎಂದಳು. "ಅವ್ವ ದಿನವೂ ಯಮನೂರನನ್ನು ಕೇಳುತ್ತಿದ್ದಳು, ನನ್ನ ಮಗ ಶ್ರುತಿ ಇಳಿಸಿಲ್ಲವಲ್ಲ ಎಂದು. ಇಲ್ಲ, ಮೊದಲಿನ ಹಾಗೆಯೇ ಇದೆ ಎನ್ನುತ್ತಿದ್ದ. ಅದನ್ನು ಕೇಳಿ ನನ್ನ ಬಿರಡೆ ಬಿಗಿ ಮಾಡುತ್ತಿದ್ದಳು." ನಾನು ಒಪ್ಪಲಿಲ್ಲ. ನಿನ್ನ ಕಿವಿ ಮಂದ ಎಂದೆ. ಜಗಳವಾಯಿತು.

ಹೋದ ಬೇಸಿಗೆಯ ಬಿಸಿಲಿಗೆ ತಂಗಿಯ ಬುರುಡೆ ಮೇಲಿನಿಂದ ಕೆಳಗೆ ಸೀಳಿತು. ಬಸ್ಸು ಹೋದರೂ ಈಗ ಅವಳು ಗುಂಯ್ ಎನ್ನುವುದಿಲ್ಲ. ನಾನು ದಿನವೂ ಹೇಳುತ್ತೇನೆ: ನನ್ನ ದನಿ ಹೊಳೆ ದಾಟುತ್ತಿತ್ತು, ನೀರಿನ ಮೇಲೆ ನಡೆದು, ಓಣಿ ಹೊಕ್ಕು, ತುಳಜವ್ವನ ಕಿವಿಯಲ್ಲಿ ನಿಲ್ಲುತ್ತಿತ್ತು. ಹೇಳಿ ಕಾಯುತ್ತೇನೆ.

ಇಲ್ಲ ಅಣ್ಣ, ಎಂದು ಅವಳು ಒಂದು ಸಲ ಅಂದಿದ್ದರೆ ಚೆನ್ನಾಗಿತ್ತು.